ಒಮ್ಮುಖದ ಗೇಟು

ಕೇಪ್‌ಟೌನಿನ ಬಿಳಿಯರಲ್ಲದವರ ರಗ್ಬಿ ಸಂಘದಲ್ಲಿ ಒಂದು ನಿಯಮ ಮುರಿದರೆ ಮಾತ್ರ ಮಾಫಿ ಇರಲಿಲ್ಲ. ಬಿಳಿಯರ ನ್ಯೂಲ್ಯಾಂಡ್ಸ್ ಮೈದಾನದಲ್ಲಿ ಕರಿಯರಿಗೆಂದು ಬೇಲಿ ಹಾಕಿಟ್ಟ ಮೂಲೆಯೊಳಗೆ ಕಾಲಿಟ್ಟ ಆಟಗಾರ ಮತ್ತೆ ಸಂಘದ ಆಟಕ್ಕಿಲ್ಲ; ಅವನೊಡನೆ ಬೆರೆತ ಆಟಗಾರನೂ ಇಲ್ಲ. ಆ ನಿಯಮ ಮಾಡುವಾಗ ಒಪ್ಪಿಗೆಯೆಂದು ಮೊದಲು ಕೈಯೆತ್ತಿದವನೇ ಸಾಲೀ ಅಬ್ರಹಾಮ್ಸ್. ತಾವು ಹೋಗದಿದ್ದರೆ ಒಂದು ದಿನ ಹೊರದೇಶದ ತಂಡಗಳೂ ಆಡಲು ಬರುವುದಿಲ್ಲ, ಆಗ ಬಿಳಿಯರ ಸರಕಾರದ ಸೊಕ್ಕು ಮುರಿಯುತ್ತದೆ ಎಂದು ನಂಬಿದ್ದ. ಈಗ ಅವನಿಗೆ ಮೂವತ್ತನಾಲ್ಕು. ಮುಂದಿನ ಶನಿವಾರ ಅವನ ನಾಯಕತ್ವದಲ್ಲಿ ಅವನ ಕ್ಲಬ್ಬು ಮೊದಲ ಸಲ ಸಂಘದ ಪಂದ್ಯಾವಳಿಯ ಫೈನಲ್ ಆಡಬೇಕಿತ್ತು.

ಆ ಚಳಿಗಾಲ ಪೊಲೀಸರು ಶಾಲೆಯ ಮಕ್ಕಳ ಮೇಲೆ ಗುಂಡು ಹಾರಿಸಿದ್ದರು. ಆದರೂ ಬಿಳಿಯರ ತಂಡದೊಡನೆ ಆಡಲು ನ್ಯೂಜಿಲೆಂಡ್ ತಂಡ ಬಂದಿಳಿದಿತ್ತು.

"ಕಣ್ಣು ಪೂರ್ತಿ ಮಂಜಾಗೋಕೆ ಮುಂಚೆ ಒಂದ್ಸಲ ನ್ಯೂಲ್ಯಾಂಡ್ಸಿಗೆ ಕರ್ಕೊಂಡು ಹೋಗೋ," ಎಂದ ಸೋದರಮಾವ ಗಸಾಂತ್. "ನಮ್ಮವರು ಬಂದಿದಾರೆ."

"ನಮ್ಮವರು ಯಾರು ಮಾಮ? ನ್ಯೂಜಿಲೆಂಡಿನೋರಾ?"

"ಇಲ್ಲಿನ ಬಿಳಿಯರನ್ನ ಬಡಿಯೋರೆಲ್ಲ ನಮ್ಮವರೇ ಕಣೋ. ನೀವು ಮನೇಲಿ ಮುನಿಸ್ಕೊಂಡು ಕೂತ್ರೆ ಬಿಳಿಯರಿಗೆ ಗೊತ್ತೂ ಆಗಲ್ಲ. ನಾವು ಅಲ್ಲಿ ಹೋಗಿ ಕೂಗಿದ್ರೆ ಅವರಿಗೆ ರಾತ್ರಿ ಊಟ ಸೇರಲ್ಲ."

ಗೇಟಿನವರೆಗೆ ಮಾತ್ರ ಎಂದು ಸಾಲೀ ಒಪ್ಪಿದ. ಪಂದ್ಯದ ದಿನ ಕರಿಯರ ಮೂಲೆಯ ಕಬ್ಬಿಣದ ತಿರುಗುಗೇಟಿನ ಸರಳಿಗೆ ಮುದುಕನ ಕೋಟು ಸಿಕ್ಕಿಕೊಂಡಿತು. ಹಿಂದಿನಿಂದ ಜನ ನೂಕುತ್ತಿದ್ದರು. ಬಿಡಿಸಲೆಂದು ಸಾಲೀ ಒಂದು ಹೆಜ್ಜೆ ಮುಂದಿಟ್ಟ. ಗೇಟು ಟಕ್ಕೆಂದು ತಿರುಗಿ ಅವನನ್ನೂ ಒಳಗೆ ಹಾಕಿತು. ಅದು ಹಿಂದಕ್ಕೆ ತಿರುಗುವ ಗೇಟಲ್ಲ. ಮಾವನನ್ನು ಬೆಂಚಿನ ಮೇಲೆ ಕೂರಿಸಿ, ಪಕ್ಕದ ಬಾಗಿಲಿನಿಂದ ಅವನು ಹೊರಬರುವಾಗ ಸಂಘದವರೊಬ್ಬರು ಬೀದಿಯಲ್ಲಿ ನಿಂತು ನೋಡುತ್ತಿದ್ದರು.

ಸೋಮವಾರ ಸಭೆ ಸೇರಿತು. ಕಾರ್ಯದರ್ಶಿ ಅಚ್ಮತ್ ಅವನ ಬಾಲ್ಯದ ಗೆಳೆಯ.

"ಒಳಗೆ ಹೋದ್ಯೇನೋ?"

"ಗೇಟು ತಿರುಗ್ತು."

"ನಾನು ಕೇಳಿದ್ದು ಅದಲ್ಲ."

"ಹೋದೆ. ಮೈದಾನದ ಒಂದೆಳೆ ಹುಲ್ಲೂ ನೋಡ್ಲಿಲ್ಲ ಅಚ್ಮತ್. ಮಾವನ ಕೋಟು ಸಿಕ್ಕಿಕೊಂಡಿತ್ತು."

"ಪಾಪ, ಕೋಟು ನೋಡೋಕೆ ಹೋಗಿದ್ನಂತೆ," ಎಂದು ಹಿಂದಿನಿಂದ ಯಾರೋ ಕುಟುಕಿದರು.

ಅಚ್ಮತ್ ತಲೆಯೆತ್ತಲಿಲ್ಲ. "ನಿನಗೆ ಮಾಫಿ ಕೊಟ್ರೆ ನಾಳೆ ಎಲ್ಲರ ಕೋಟೂ ಸಿಕ್ಕಿಕೊಳ್ಳುತ್ತೆ."

"ನಾವು ಹೋಗದೆ ಇದ್ದಿದ್ದಕ್ಕೆ ಯಾರಾದ್ರೂ ಬರೋದು ನಿಲ್ಲಿಸಿದ್ರಾ?"

"ಇಲ್ಲ."

"ಗುಂಡು?"

"ಅದೂ ನಿಂತಿಲ್ಲ." ಅಚ್ಮತ್ ಕನ್ನಡಕ ತೆಗೆದು ಒರೆಸಿಕೊಂಡ. "ನಾವು ಹೋಗಲ್ಲ ಅನ್ನೋದೊಂದೇ ಅಲ್ವೇನೋ ನಮ್ಮ ಕೈಲಿರೋದು. ಅದನ್ನೂ ಬಿಟ್ರೆ?"

ಸಾಲೀಯನ್ನು ತೆಗೆಯಲು ಒಪ್ಪುವವರು ಕೈಯೆತ್ತಿ ಎಂದಾಗ ಅವನ ಕೈಯೂ ಮೇಲೆದ್ದಿತು.

ಅವನಿಲ್ಲದೆಯೇ ಕ್ಲಬ್ಬು ಫೈನಲ್ ಗೆದ್ದಿತು. ಶನಿವಾರ ಸಂಜೆ ಗೆದ್ದ ಆಟಗಾರರನ್ನು ತುಂಬಿಕೊಂಡು ಹಾರನ್ ಬಾರಿಸುತ್ತ ಬಂದ ಕಾರು ಅವನ ಮನೆಯ ಮುಂದೆ ನಿಧಾನವಾಯಿತು.

"ಹೋಗ್ರೀ, ನಿಮಗೋಸ್ಕರಾನೇ ನಿಲ್ಲಿಸ್ತಿದಾರೆ," ಎಂದಳು ಹೆಂಡತಿ.

"ನನ್ನ ಜೊತೆ ಕಂಡ್ರೆ ಅವರನ್ನೂ ತೆಗೀತಾರೆ," ಎಂದು ಸಾಲೀ ಕಿಟಕಿಯ ಪರದೆ ಎಳೆದ.

ಕಾರು ಸ್ವಲ್ಪ ಹೊತ್ತು ಅಲ್ಲೇ ಗುರುಗುಟ್ಟಿ, ಮುಂದೆ ಹೋಯಿತು.