ಕಾಲು ಮುಂದಾಗಿ ಬಂದವಳು

"ನಿಧಾನ್ಕೆ ಒದಿಯವ್ವಾ. ಓದ್ಸಲ ಒದ್ದಾಗ ಒಟ್ಟೇಲಿದ್ದ ಮುದ್ದೆ ಗಂಟ್ಲಿಗೆ ಬಂದ್ಬುಟ್ಟಿತ್ತು," ಎಂದ ದೊಡ್ಡಮಾದಯ್ಯ, ಜಗಲಿಯ ಚಾಪೆಗೆ ಮುಖ ಒತ್ತಿಕೊಂಡೇ.

"ಬಾಯ್ ಮುಚ್ಕಂಡು ಮನೀಕಳ್ಲಾ. ಒದಿಯೋರ್ಗೇ ಬುದ್ಧಿ ಯೋಳಕ್ ಬತ್ತಾನೆ," ಎಂದು ಮಲ್ಲಾಜಮ್ಮ ಕಂಬಕ್ಕೊರಗಿ ಕುಳಿತಲ್ಲಿಂದಲೇ ಗದರಿದಳು.

ಮಂಗಳಗೌರಿ ಎಡಗಾಲು ತೊಳೆದುಕೊಂಡು ಬಂದು ಅವನ ಪಕ್ಕದಲ್ಲಿ ನಿಂತಿದ್ದಳು. ತಲೆಯ ಬದಲು ಕಾಲು ಮುಂದಾಗಿ ಹುಟ್ಟಿದವರು ಎಡಗಾಲಿನಿಂದ ಮೂರು ಸಲ ತುಳಿದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ ಎಂದು ಬೆಟ್ಟದಪುರದ ಸುತ್ತಿನವರೆಲ್ಲ ನಂಬಿದ್ದರು. ಊರಲ್ಲಿ ಹಾಗೆ ಹುಟ್ಟಿದವಳು ಮಲ್ಲಾಜಮ್ಮನ ಈ ಮೊಮ್ಮಗಳೊಬ್ಬಳೇ. ಹೊಗೆಸೊಪ್ಪು ಮುರಿಯುವ ಕಾಲ ಬಂತೆಂದರೆ ಸಾಕು, ದಿನವೆಲ್ಲ ಬಗ್ಗಿ ಬಗ್ಗಿ ಸೊಂಟ ಹಿಡಿಸಿಕೊಂಡವರು ಒಬ್ಬರಲ್ಲ ಒಬ್ಬರು ಈ ಜಗಲಿಯ ಮೇಲೆ ಬಂದು ಬೋರಲಾಗುತ್ತಿದ್ದರು. ಅವಳು ನಡೆಯಲು ಕಲಿತಾಗಿನಿಂದ ನಡೆದುಬಂದದ್ದು ಇದು. ಆಗ ಅಜ್ಜಿಯೇ ಅವಳ ಕಂಕುಳಿಗೆ ಕೈಕೊಟ್ಟು ಎತ್ತಿ, ಬೆನ್ನಿನ ಮೇಲೆ ಕಾಲಾಡಿಸುತ್ತಿದ್ದಳು.

ಎಡಗಾಲು ಎತ್ತಿದಳು. ಮೈಯ ಭಾರವೆಲ್ಲ ಬಲಗಾಲಿಗೆ ಬಿತ್ತು. ಮೊಣಕಾಲಿನ ಕೆಳಗೆ, ಮುಂಗಾಲಿನ ಮೂಳೆಯ ಉದ್ದಕ್ಕೂ ಯಾರೋ ಬಿಸಿ ದಬ್ಬಣ ಎಳೆದಂತಾಯಿತು. ಕಾಲನ್ನು ಇಳಿಸಿದಳು. ಅಜ್ಜಿ ಎಲೆಯಡಿಕೆ ಚೀಲದೊಳಗೆ ಸುಣ್ಣದ ಡಬ್ಬಿ ಹುಡುಕುತ್ತಿದ್ದಳು. ಮಂಗಳಗೌರಿ ಸರಕ್ಕನೆ ಮಗ್ಗುಲು ಬದಲಿಸಿ, ಎಡಗಾಲ ಮೇಲೆ ನಿಂತು, ತೊಳೆಯದ ಬಲಗಾಲಿನಿಂದಲೇ ದೊಡ್ಡಮಾದಯ್ಯನ ಸೊಂಟವನ್ನು ಮೂರು ಸಲ ತುಳಿದಳು. ಹಿರಿಯನಿಗೆ ಕಾಲು ತಾಗಿಸಿದ್ದಕ್ಕೆ ಬಗ್ಗಿ ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಅಜ್ಜಿ ಕಲಿಸಿದ್ದ ಮಾತನ್ನು ಒಂದೇ ಉಸಿರಿಗೆ ಒಪ್ಪಿಸಿದಳು: "ಅಮಾಸೆ ಕಳೆಯೋಗಂಟ ಭಾರ ಎತ್ಬ್ಯಾಡ ದೊಡ್ಡಯ್ಯ, ಬಗ್ಗಬ್ಯಾಡ, ಓಡಬ್ಯಾಡ."

ದೊಡ್ಡಮಾದಯ್ಯ ಮೆಲ್ಲಗೆ ಎದ್ದು ಕುಳಿತ. ಆ ಕಡೆ ತಿರುಗಿದ, ಈ ಕಡೆ ತಿರುಗಿದ. "ಬುಟ್ಟೋಯ್ತು ಕಣತ್ತೆ! ಬುಟ್ಟೇ ಓಯ್ತು!" ಎಂದ. "ಅದೇನಮ್ಮಿ, ಉಣ್ಸೂರ್ಗೆ ಓಡಕ್ಕೋಯ್ತೀಯಂತೆ? ಯಾಕೆ, ಬಸ್ಸು ಸಿಗ್ನಿಲ್ವಾ?"

ತನ್ನ ಮಾತಿಗೆ ತಾನೇ ನಗುತ್ತಾ ಅವನು ಹೋದ. ಮಲ್ಲಾಜಮ್ಮ ನಗಲಿಲ್ಲ. ಜಗಲಿಯ ಮೇಲೆ ಬಿದ್ದಿದ್ದ ಒಂದೇ ಒಂದು ಒದ್ದೆ ಹೆಜ್ಜೆಯನ್ನು ನೋಡುತ್ತಾ ಎಲೆಗೆ ಸುಣ್ಣ ಸವರಿದಳು. ಒದ್ದೆ ಹೆಜ್ಜೆ ಇದ್ದದ್ದು ದೊಡ್ಡಮಾದಯ್ಯ ಮಲಗಿದ್ದ ಜಾಗದ ಪಕ್ಕದಲ್ಲಿ. ಹೋಗುವಾಗ ಅವನ ಅಂಗಿಯ ಬೆನ್ನು ಒಣಗಿಯೇ ಇತ್ತು.

ಹುಣಸೂರಿನ ಓಟವಿದ್ದದ್ದು ಅಮಾವಾಸ್ಯೆ ಕಳೆದ ಮುಂದಿನ ಭಾನುವಾರ. ಹೈಸ್ಕೂಲು ಹುಡುಗಿಯರಿಗೆ ಟಾರು ರಸ್ತೆಯ ಮೇಲೆ ಆರು ಕಿಲೋಮೀಟರು. ಮೊದಲು ಮುಟ್ಟಿದ ಆರು ಮಂದಿಗೆ ಮೈಸೂರಿನ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ, ಅಲ್ಲಿಂದಲೇ ಕಾಲೇಜಿಗೆ ಹೋಗಬಹುದು. ಮಂಗಳಗೌರಿ ಹತ್ತನೇ ತರಗತಿಯಲ್ಲಿದ್ದಳು. ಮುಂದಿನ ವರ್ಷ ಶಾಲೆಯೂ ಇಲ್ಲ, ಶಾಲೆಯ ಓಟವೂ ಇಲ್ಲ. ಈ ಸಲ ಬಿಟ್ಟರೆ ಮತ್ತೆ ಅವಳು ಓಡುವುದು ಬಸ್ಸು ಹಿಡಿಯುವುದಕ್ಕಷ್ಟೇ.

ಡ್ರಿಲ್ ಮೇಷ್ಟ್ರು ನಟರಾಜು ಆಷಾಢದಲ್ಲಿ ಒಂದು ರಟ್ಟಿನ ಪೆಟ್ಟಿಗೆ ತಂದು ಅವಳ ಮುಂದಿಟ್ಟಿದ್ದರು. ಒಳಗೆ ನೀಲಿ ಪಟ್ಟಿಯ ಬಿಳಿ ಶೂ. ಕಾಲೇಜಿನಲ್ಲಿ ಓಡುತ್ತಿದ್ದ ಕಾಲಕ್ಕೆ ಅವರು ಕೊಂಡದ್ದು. ಮೊಣಕಾಲು ಕೈಕೊಟ್ಟ ಮೇಲೆ ಹಾಗೇ ಎತ್ತಿಟ್ಟಿದ್ದರು. "ಅಂಗಡೀಲಿ ಈ ಜಾತಿ ಶೂ ಸಿಗಲ್ಲ ಮಂಗಳಗೌರಿ. ಇದರದ್ದು ಇನ್ನೂ ಓಟ ಮುಗಿದಿಲ್ಲ," ಎಂದಿದ್ದರು. ಆ ಶೂವಿನ ಮುಂದೆ ಅವಳ ಕಾಲು ಚಿಕ್ಕದಾಗಿತ್ತು. ತುದಿಗೆ ಹಳೆ ಬಟ್ಟೆ ತುರುಕಿದಳು, ಹಿಮ್ಮಡಿಗೂ ತುರುಕಿದಳು. ಅದುವರೆಗೆ ಹೊಲದ ಬದುವಿನ ಮೇಲೆ, ಕೆರೆ ಏರಿಯ ಮೇಲೆ ಬರಿಗಾಲಲ್ಲಿ ಓಡುತ್ತಿದ್ದವಳು ಆ ಶೂ ಹಾಕಿಕೊಂಡು ದಿನಾ ಬೆಳಿಗ್ಗೆ ಟಾರು ರಸ್ತೆಗಿಳಿದಳು. ಹೆಜ್ಜೆ ಹೆಜ್ಜೆಗೂ ಕಾಲು ಒಳಗೆ ಜಾರುತ್ತಿತ್ತು, ಬೆರಳುಗಳು ಶೂವನ್ನು ಕಚ್ಚಿ ಹಿಡಿಯುತ್ತಿದ್ದವು. ನೋವು ಮೊದಲು ಓಡಿದ ಮೇಲೆ ಬರುತ್ತಿತ್ತು. ಆಮೇಲೆ ಓಡುವಾಗಲೇ ಬಂತು. ಈಗ ನಿಂತರೂ ಬರುತ್ತಿತ್ತು.

ಹೇಳಿದರೆ ಮೇಷ್ಟ್ರು ಬೇಜಾರು ಮಾಡಿಕೊಳ್ಳುತ್ತಾರೆಂಬ ಅಳುಕು ಒಂದು ಕಡೆ. ಊರಿನ ನೋವು ತೆಗೆಯುವ ಕಾಲಿಗೇ ನೋವೆಂದರೆ ಜನ ಏನಂದಾರು ಎಂಬ ನಾಚಿಕೆ ಇನ್ನೊಂದು ಕಡೆ.

ಮಧ್ಯಾಹ್ನ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದಿನ ಚಪ್ಪರದ ನೆರಳಿನಲ್ಲಿ ಅಜ್ಜಿ ಮೊಮ್ಮಗಳು ಹಸಿ ಸೊಪ್ಪನ್ನು ಕೋಲಿಗೆ ಕಟ್ಟುತ್ತಾ ಕುಳಿತರು. ಅಪ್ಪ ಮಂಚಯ್ಯನೂ ಅವ್ವನೂ ಹೊಲದಲ್ಲಿ ಸೊಪ್ಪು ಮುರಿಯುತ್ತಿದ್ದರು. ಸೊಪ್ಪಿನ ಅಂಟಿನಿಂದ ಅಜ್ಜಿ ಮೊಮ್ಮಗಳಿಬ್ಬರ ಬೆರಳುಗಳೂ ಕಪ್ಪಾಗಿದ್ದವು.

"ಯಾವ ಕಾಲಮ್ಮಿ?" ಎಂದಳು ಮಲ್ಲಾಜಮ್ಮ, ದಾರದ ಕುಣಿಕೆ ಬಿಗಿಯುತ್ತಾ.

"ಏನಜ್ಜಿ?"

"ಏನಜ್ಜಿ ಅಂತೆ. ಅವ್ನ ಒದ್ದಿದ್ದು ಬಲಗಾಲಲ್ಲಿ. ನಾನು ಕಣ್ಣಿಲ್ದೋಳಾ? ಯಾವ್ ಕಾಲು ನೋಯ್ತಾ ಅದೆ ಬೊಗಳು."

ಮಂಗಳಗೌರಿ ಲಂಗ ಸರಿಸಿ ಬಲಗಾಲು ತೋರಿಸಿದಳು. ಅಜ್ಜಿ ಹೆಬ್ಬೆರಳಿನಿಂದ ಮೂಳೆಯ ಗುಂಟ ಒತ್ತಿಕೊಂಡು ಬಂದಳು. ನಡುವೆ ಒಂದು ಕಡೆ ಹುಡುಗಿ ಹಲ್ಲು ಕಚ್ಚಿದಳು, ಕಣ್ಣಲ್ಲಿ ನೀರು ಬಂತು. ಅಜ್ಜಿ ಬೈಯುತ್ತಾಳೆಂದುಕೊಂಡಿದ್ದಳು.

"ಎದ್ದೇಳು. ಆರ್ನಳ್ಳಿ ಕುಳ್ಳಮ್ಮನ್ ತಾವ್ ಓಗದ," ಎಂದಳು ಮಲ್ಲಾಜಮ್ಮ. "ನಿನ್ ಕಾಲ ನೀನೇ ಒದ್ಕಳಕ್ಕಾದದಾ? ಅವ್ಳೂ ಕಾಲ್ಮುಂದಾಗಿ ಬಂದೋಳೇಯ."

ಹಾರನಹಳ್ಳಿಯ ಕುಳ್ಳಮ್ಮ ಹೆಸರಿಗೆ ತಕ್ಕ ಹಾಗೆ ಇದ್ದಳು. ಬಾಯಲ್ಲಿ ಎರಡೇ ಹಲ್ಲು, ಸುತ್ತ ಜೋಳದ ತೆನೆಯ ರಾಶಿ. ಮಲ್ಲಾಜಮ್ಮ ಹೇಳಿದ್ದನ್ನೆಲ್ಲ ಕೇಳಿ, ತೆನೆ ಬಿಡಿಸುವುದನ್ನು ನಿಲ್ಲಿಸದೆಯೇ ನಕ್ಕಳು.

"ಕಾಲ್ಗೆ ಕಾಲಲ್ಲಿ ಒದ್ರೆ ಅದು ವೈದ್ಯ ಆದದಾ, ಕೋಣಗಳ್ ಜಗಳ ಆದದಾ? ನಾನ್ ಒದಿಯಾದು ಸೊಂಟಕ್ಕೆ. ಕಾಲ್ಗೆ ಒದ್ದು ಗೊತ್ತಿಲ್ಲ ಕಣಕ್ಕ."

"ಅಂಗಂದ್ರೆ ಎಂಗೆ? ಅಷ್ಟು ದೂರದಿಂದ ಬಂದಿವ್ನಿ," ಎಂದು ಮಲ್ಲಾಜಮ್ಮ ಕೊಸರಾಡಿದಳು.

ಮಂಗಳಗೌರಿ ತಡೆಯಲಾರದೆ ಕುಳ್ಳಮ್ಮನ ಕಡೆ ತಿರುಗಿದಳು. "ಅಜ್ಜೀ, ನಾನು ಇವತ್ತು ಬಲಗಾಲಲ್ಲಿ ಒದ್ದೆ. ಆದ್ರೂ ದೊಡ್ಡಯ್ಯನ ಸೊಂಟ ಬುಡ್ತು. ಅಂಗಾರೆ ನನ್ನ ಕಾಲಲ್ಲಿ ಏನೂ ಇಲ್ವಾ?"

ಕುಳ್ಳಮ್ಮನ ಕೈ ಈಗ ನಿಂತಿತು. ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿದಳು. "ಓದ್ ವರ್ಸ ನಂಗೆ ಎಡಗಾಲ್ಗೆ ಜಾಲಿಮುಳ್ಳು ಮುರ್ಕಂಡಿತ್ತು. ಸುಗ್ಗಿ ಪೂರ್ತಾ ಬಲಗಾಲಲ್ಲೇ ನಡುಸ್ದೆ. ಎಲ್ಲಾರ್ದೂ ಬುಡ್ತು. ಯಾರ್ಗೂ ಯೋಳ್ಬ್ಯಾಡ."

"ಅಯ್, ನಿನ್ ಮನೆ ಕಾಯ್ವೋಗ!" ಎಂದು ಮಲ್ಲಾಜಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಸುಮ್ಕಿರಕ್ಕ. ನೀ ಯೋಳಮ್ಮಿ, ಒದ್ದಾದ್ ಮ್ಯಾಕೆ ಅವರ್ಗೆ ಏನ್ ಯೋಳ್ತೀಯೆ?"

"ಅಮಾಸೆ ಕಳೆಯೋಗಂಟ ಭಾರ ಎತ್ಬ್ಯಾಡಿ, ಬಗ್ಗಬ್ಯಾಡಿ..." ಹುಡುಗಿಯ ದನಿ ಸಣ್ಣದಾಯಿತು. "ಓಡಬ್ಯಾಡಿ."

"ಒದಿಯಾದ್ ಒಂದ್ಗಳಿಗೆ. ಸುಮ್ಕಿರೋದು ಅಮಾಸೆಗಂಟ. ಊರ್ಗೆಲ್ಲಾ ಯೋಳೋಳು ನೀನೇನ್ ಮಾಡ್ದೆ?" ಕುಳ್ಳಮ್ಮ ಅವಳ ಮಡಿಲಿಗೆ ಎರಡು ಎಳೆ ತೆನೆ ಹಾಕಿದಳು. "ಸುಟ್ಕಂಡ್ ತಿನ್ನೋಗು."

ಬಸ್ಸಿನಲ್ಲಿ ಅಜ್ಜಿ ಕಿಟಕಿಯ ಪಕ್ಕ ಕುಳಿತಳು. ದೂರದಲ್ಲಿ ಬೆಟ್ಟ ಕಂಡಾಗ, "ಮುಂಡೇದು, ಬಲಗಾಲಂತೆ," ಎಂದು ಮುಸಿಮುಸಿ ನಕ್ಕಳು.

ಮರುದಿನ ಮಂಗಳಗೌರಿ ರಟ್ಟಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಶಾಲೆಯ ಮೈದಾನಕ್ಕೆ ಹೋದಳು. ನಟರಾಜು ಮೇಷ್ಟ್ರು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದರು.

"ಸಾ, ಶೂ ಆಗ್ತಾ ಇಲ್ಲ."

"ಯಾಕೆ, ಹರಿದೋಯ್ತಾ?"

"ಇಲ್ಲ ಸಾ. ದೊಡ್ಡದು. ಮೊದಲ್ನಿಂದ್ಲೂ ದೊಡ್ಡದೇ."

ಅವರು ಪೆಟ್ಟಿಗೆ ತೆಗೆದು ಶೂವಿನೊಳಗೆ ಬೆರಳು ಹಾಕಿದರು. ಮಾಸಿದ ಬಟ್ಟೆಯ ಉಂಡೆಗಳು ಒಂದರ ಹಿಂದೆ ಒಂದು ಬಂದವು, ಹೂವಿನ ಚಿತ್ತಾರದ ಹಳೆ ರವಿಕೆಯ ತುಂಡೂ ಬಂತು. ಅವರು ಅದನ್ನೆಲ್ಲ ಕೈಯಲ್ಲಿ ಹಿಡಿದುಕೊಂಡು ಅವಳ ಕಾಲು ನೋಡಿದರು.

"ಕಾಲು ನೋವಿದೆಯಾ?"

ಅವಳು ತಲೆಯಾಡಿಸಿದಳು.

"ಮತ್ತೆ ಇಷ್ಟು ದಿನ ಯಾಕಮ್ಮ ಬಾಯಿ ಬಿಡಲಿಲ್ಲ?"

"ನಿಮ್ಮ ಶೂ ಅಲ್ವಾ ಸಾ."

ಮೇಷ್ಟ್ರು ತಮ್ಮ ಎಡ ಮೊಣಕಾಲನ್ನು ಅಭ್ಯಾಸಬಲದಿಂದ ಸವರಿಕೊಂಡರು. "ನಾನೂ ನಮ್ಮ ಕೋಚ್ ಹತ್ರ ಬಾಯಿ ಬಿಟ್ಟಿರಲಿಲ್ಲ," ಎಂದರು. ಆಮೇಲೆ ಮಾತು ಬದಲಿಸಿ, "ಯಾರಿಗಾದ್ರೂ ತೋರಿಸಿದ್ಯಾ? ಎಷ್ಟು ದಿನ ಓಟ ನಿಲ್ಲಿಸಬೇಕಂತೆ?" ಎಂದರು.

"ಅಮಾಸೆ ಕಳೆಯೋಗಂಟ."

"ಯಾವ ಡಾಕ್ಟ್ರು ಹೇಳಿದ್ದು?"

"ಕುಳ್ಳಮ್ಮ."

ಅವರಿಗೆ ನಗು ಬಂತು. ತಡೆದುಕೊಂಡರು. "ಆಮೇಲೆ ಉಳಿಯೋದು ಒಂದು ವಾರ. ಆಗಲಿ. ಓಡಬೇಡ. ಬೆಳಿಗ್ಗೆ ಕೆರೇಲಿ ಸೊಂಟದ ಮಟ್ಟ ನೀರಲ್ಲಿ ನಡಿ, ಉಸಿರು ಕಟ್ಟೋ ಹಾಗೆ ನಡಿ. ನೀರು ಭಾರ ಹೊತ್ಕೊಳ್ಳುತ್ತೆ. ಒಬ್ಬಳೇ ಇಳೀಬೇಡ, ಅಜ್ಜೀನ ಕರ್ಕೊಂಡು ಹೋಗು."

ಹಾಗಾಗಿ ಬೆಳಿಗ್ಗೆ ಕೆರೆಯ ಮೇಲಿನ ಮಂಜು ಹರಿಯುವ ಹೊತ್ತಿಗೆ ಮಲ್ಲಾಜಮ್ಮ ಕಂಬಳಿ ಹೊದ್ದು ಸೋಪಾನದ ಕಲ್ಲಿನ ಮೇಲೆ ಕುಳಿತಿರುತ್ತಿದ್ದಳು. ಮಂಗಳಗೌರಿ ದಡದ ಗುಂಟ ನೀರನ್ನು ತಳ್ಳಿಕೊಂಡು ಆ ಕಡೆ ಹೋಗಿ ಈ ಕಡೆ ಬರುತ್ತಿದ್ದಳು. ಬಟ್ಟೆ ಒಗೆಯಲು ಬಂದವರು "ಏನಕ್ಕ, ಎಮ್ಮೆ ತೊಳೀತಿದ್ದೀಯಾ?" ಎಂದು ಕೇಳಿದರೆ, "ಊಂ ಕಣೆ, ನಿನ್ದೂ ತತ್ತಾ, ಒಟ್ಗೇ ತೊಳೀತೀನಿ," ಎನ್ನುತ್ತಿದ್ದಳು ಅಜ್ಜಿ. ಮೊಮ್ಮಗಳು ಹತ್ತಿರ ಬಂದಾಗಲೆಲ್ಲ ಒಂದೇ ಕಥೆಯನ್ನು ತುಂಡು ತುಂಡಾಗಿ ಹೇಳುತ್ತಿದ್ದಳು. ಮಿಕ್ಕ ಮಕ್ಕಳೆಲ್ಲ ತಲೆ ಮುಂದಾಗಿ ಬಂದು, ಬೆಳಕು ಕಂಡು, ಹೆದರಿ ಅತ್ತವಂತೆ. ಒಂದು ಕೂಸು ಮಾತ್ರ ಮೊದಲು ಕಾಲು ಚಾಚಿ, ನೆಲ ಗಟ್ಟಿಯಾಗಿದೆಯೇ ಎಂದು ತಡವಿ ನೋಡಿತಂತೆ. ಗಟ್ಟಿಯಿದೆ ಎಂದು ಗೊತ್ತಾದ ಮೇಲೇ ಮುಖ ತೋರಿಸಿತಂತೆ.

"ಆಮೇಲೆ?" ಎನ್ನುವಳು ಮಂಗಳಗೌರಿ ಏದುಸಿರಿನಲ್ಲಿ.

"ಆಮೇಲೆ ಏನು, ಆ ಕಡೀಕ್ ಓಗ್ ಬಾ. ಯೋಳ್ತೀನಿ."

ಅಮಾವಾಸ್ಯೆ ಹತ್ತಿರವಾದಂತೆ ನೋವು ಮೂಳೆಯ ಉದ್ದದಿಂದ ಒಂದು ಗೇಣಿಗೆ, ಗೇಣಿನಿಂದ ಒಂದು ಬೆರಳಗಲಕ್ಕೆ ಇಳಿಯಿತು. ಆದರೆ ಓಟ? ನೀರಿನಲ್ಲಿ ನಡೆದವಳು ನೆಲದ ಮೇಲೆ ಓಡಬಲ್ಲಳೇ? ಆ ಚಿಂತೆ ಅವಳಿಗೆ ರಾತ್ರಿ ನಿದ್ದೆ ಕೊಡಲಿಲ್ಲ. ಮೇಷ್ಟ್ರು ಪಿರಿಯಾಪಟ್ಟಣದಿಂದ ಅವಳ ಅಳತೆಯ ಕ್ಯಾನ್ವಾಸ್ ಶೂ ತಂದರು, ಸಾದಾ ಬಿಳಿಯದು. ಕಾಲಿಗೆ ಸರಿಯಾಗಿತ್ತು, ಅಡಿ ಮಾತ್ರ ಹಲಗೆಯಂತೆ ಗಟ್ಟಿ. ಮಲ್ಲಾಜಮ್ಮ ಶೂವನ್ನು ಮಗುಚಿ, ಬಡಿದು, ಮೂಸಿ ನೋಡಿದಳು. ಒಳಗೆ ಹೋಗಿ ಕತ್ತರಿ ತಂದು, ತಾನು ಹೊದ್ದಿದ್ದ ಕಂಬಳಿಯ ಅಂಚಿಗೇ ಇಟ್ಟಳು.

"ಅಜ್ಜೀ, ನಿನ್ ಕಂಬಳಿ!"

"ನಿಲ್ಲಮ್ಮಿ, ಇದ್ರ ಮ್ಯಾಲೆ." ಮೊಮ್ಮಗಳ ಪಾದದ ಸುತ್ತ ಇದ್ದಿಲಿನಲ್ಲಿ ಗೆರೆ ಎಳೆದು ಕತ್ತರಿಸಿದಳು. ಎರಡೆರಡು ಪದರ ಜೋಡಿಸಿ, ಗೋಣಿ ಹೊಲಿಯುವ ಸೂಜಿಯಲ್ಲಿ ಹೊಲಿದಳು. "ನೀ ಉಟ್ಟಿದಾಗ ನಿನ್ ಕಾಲ್ಗೆ ಮೊದ್ಲು ತಾಗಿದ್ದು ಇದೇಯ. ಇಡ್ಕಂಡಿದ್ದೋಳು ನಾನು," ಎಂದು ದಾರವನ್ನು ಹಲ್ಲಿನಿಂದ ಕಡಿದಳು.

ಭಾನುವಾರ ಬೆಳಿಗ್ಗೆ ಹುಣಸೂರಿನ ರಸ್ತೆಯಲ್ಲಿ ಗೆರೆಯ ಹಿಂದೆ ಹುಡುಗಿಯರು ಒತ್ತಿಕೊಂಡು ನಿಂತಿದ್ದರು. ಕೋಟೆ ಕಡೆಯವರು ಬರಿಗಾಲಲ್ಲಿ, ಕೆ.ಆರ್. ನಗರದವರು ಹೊಳೆಯುವ ಶೂಗಳಲ್ಲಿ. ಸೀಟಿ ಊದಿದಾಗ ಎಲ್ಲರೂ ನುಗ್ಗಿದರು. ಮಂಗಳಗೌರಿ ನುಗ್ಗಲಿಲ್ಲ. ನೋವು ಎಲ್ಲಿ ಬರುತ್ತದೆಂದು ಕಿವಿಗೊಟ್ಟವಳಂತೆ ಓಡಿದಳು. ಕಂಬಳಿ ಮೊದಲು ಚುಚ್ಚಿತು, ಬೆವರಿಗೆ ಮೆತ್ತಗಾಯಿತು. ಸಾಲುಮರಗಳ ಕೆಳಗೆ ಹುಡುಗಿಯರು ಒಬ್ಬೊಬ್ಬರಾಗಿ ಹಿಂದೆ ಉಳಿಯತೊಡಗಿದರು. ಉಸಿರು ಕೆರೆಯಲ್ಲಿದ್ದ ಹಾಗೇ ಇತ್ತು. ಸೊಂಟಕ್ಕೆ ಮಾತ್ರ ನೀರಿನ ಭಾರವಿರಲಿಲ್ಲ.

ತಿರುವು ದಾಟಿದ ಮೇಲೆ ಅದು ಬಂತು, ಬೆರಳಗಲದ ಜಾಗದಲ್ಲಿ ಸಣ್ಣಗೆ. ಮುಂದೆ ನಾಲ್ವರಿದ್ದರು. ನಾಲ್ಕನೆಯವಳ ಜಡೆ ಕೈಗೆ ಸಿಗುವಷ್ಟು ಹತ್ತಿರ ಆಡುತ್ತಿತ್ತು, ಹಿಂದೆ ಯಾರದೋ ಹೆಜ್ಜೆ ಟಪಟಪ ಹತ್ತಿರವಾಗುತ್ತಿತ್ತು. ಆ ಜಡೆಯನ್ನು ಅಟ್ಟಿಸಿಕೊಂಡು ಹೋಗಬೇಕೆಂದು ಮೈಯೆಲ್ಲ ಎಳೆಯಿತು. ಅವಳು ಹೆಜ್ಜೆಯನ್ನು ಚಿಕ್ಕದು ಮಾಡಿದಳು. ಆ ಕಡೀಕ್ ಓಗ್ ಬಾ, ಯೋಳ್ತೀನಿ. ನೋವು ದೊಡ್ಡದಾಗಲಿಲ್ಲ. ಹಿಂದಿನ ಹೆಜ್ಜೆಯೂ ಮುಂದಕ್ಕೆ ಬರಲಿಲ್ಲ. ಗುರಿಯ ಹಗ್ಗದ ಆಚೆ ನಟರಾಜು ಮೇಷ್ಟ್ರು ಐದು ಬೆರಳು ಎತ್ತಿ ಹಿಡಿದು, ಮೊಣಕಾಲನ್ನು ಮರೆತು ಕುಣಿಯುತ್ತಿದ್ದರು.

ಸಂಜೆ ಊರಿಗೆ ಬಂದಾಗ ಜಗಲಿಯ ಮೇಲೆ ದೊಡ್ಡಮಾದಯ್ಯ ಮತ್ತೆ ಬೋರಲಾಗಿದ್ದ.

"ಸೊಪ್ಪಿನ್ ವೊರೆ ಎತ್ದೆ ಕಣವ್ವಾ," ಎಂದು ನರಳಿದ.

ಮಂಗಳಗೌರಿ ಅಭ್ಯಾಸದಂತೆ ಕಾಲು ತೊಳೆಯಲು ಬಚ್ಚಲ ಕಡೆ ಹೊರಟಳು. ಮಲ್ಲಾಜಮ್ಮ ಅಡ್ಡಬಂದಳು.

"ಇವತ್ತು ಅದ್ರ ಕಾಲ್ಗೆ ರಜ. ನಾಳಿಕ್ ಬಾ ಓಗ್ಲಾ."

"ಏಳಕ್ಕೇ ಆಯ್ತಿಲ್ವಲ್ಲ ಅತ್ತೆ?"

"ಅಂಗಾರೆ ಅಲ್ಲೇ ಮನೀಕೊ. ಮುದ್ದೆ ಇಕ್ತೀನಿ."

ಅಜ್ಜಿ ಶೂಗಳೊಳಗಿಂದ ಕಂಬಳಿಯ ತುಂಡುಗಳನ್ನು ಎಳೆದು ತೆಗೆದಳು. ಬೆವರಿಗೆ ತೊಯ್ದು ಭಾರವಾಗಿದ್ದವು. ಮಂಚಯ್ಯ ಆಗಷ್ಟೇ ಬ್ಯಾರನ್ನಿನ ಒಲೆಗೆ ಸೌದೆ ತುಂಬಿದ್ದ, ಗೋಡೆ ಬೆಚ್ಚಗಿತ್ತು. ಮಲ್ಲಾಜಮ್ಮ ಅವೆರಡನ್ನೂ ಅಲ್ಲಿ ಒರಗಿಸಿಟ್ಟಳು, ಎಡದ್ದು, ಬಲದ್ದು. ಅವುಗಳಿಂದ ಹಬೆ ಸಣ್ಣಗೆ ಮೇಲೇಳುತ್ತಿತ್ತು. ಜಗಲಿಯ ಮೇಲೆ ದೊಡ್ಡಮಾದಯ್ಯನ ಗೊರಕೆ ಶುರುವಾಗಿತ್ತು.