ಎಡಗೈ ರಕ್ತ

"ಅಪ್ಪ ಯಾರಂತ ನಿಂಗರ ನೆಟ್ಟಗೆ ಗೊತ್ತೈತೇನಬೇ?"

ಗುಮಾಸ್ತ ಹಾಗೆ ಕೇಳಿ ಪಕ್ಕದವನಿಗೆ ಕಣ್ಣು ಹೊಡೆದ. ಹರಿಹರದ ತಾಲ್ಲೂಕು ಕಚೇರಿಯ ವರಾಂಡದಲ್ಲಿ ನನ್ನಕ್ಕ ದುರುಗವ್ವ ನೆಲದ ಮೇಲೆ ಕೂತಿದ್ದಳು. ಬೆಂಚು ಖಾಲಿಯೇ ಇತ್ತು, ನಮಗೆ ಯಾರೂ ಕೂಡ್ರಿ ಅನ್ನಲಿಲ್ಲ. ದಾವಣಗೆರೆಯ ಮಂಡಕ್ಕಿ ಬಟ್ಟಿಯಿಂದ ಹಾಗೇ ಎದ್ದು ಬಂದಿದ್ದೆವು, ಮೈಯೆಲ್ಲ ಮಸಿ.

ಅಕ್ಕನ ಮಗ ಮಾಲತೇಶ ಕಾರ್ಗಿಲ್ ಯುದ್ಧದಲ್ಲಿ ಕಾಣೆಯಾಗಿದ್ದ. ದೀಪಾವಳಿ ಹೊತ್ತಿಗೆ ಯಾವುದೋ ಕಮರಿಯಲ್ಲಿ ಎಲುಬು ಸಿಕ್ಕವಂತೆ. ಹೆತ್ತವರ ರಕ್ತದ ಜೊತೆ ತಾಳೆ ನೋಡುತ್ತಾರಂತೆ. ತಾಳೆಯಾದರೆ ಮಗ ಸತ್ತ. ಆಗದಿದ್ದರೆ ಎಲ್ಲಿ ಬಿದ್ದಿದ್ದಾನೋ ಏನೋ. ಯಾವುದನ್ನು ಬೇಡಿಕೊಳ್ಳಬೇಕೆಂದು ತಿಳಿಯದೆ ಅಕ್ಕ ಕೂತಲ್ಲಿ ಕೂರಲಾರದೆ ನಿಂತಲ್ಲಿ ನಿಲ್ಲಲಾರದೆ ಒದ್ದಾಡುತ್ತಿದ್ದಳು.

ಅಪ್ಪ ಯಾರೆಂದು ಅವಳಿಗೆ ಗೊತ್ತಿಲ್ಲದೆ ಏನು? ನಮ್ಮೂರು ಭಾನುವಳ್ಳಿಯ ಸಾವ್ಕಾರ ನಾಗಭೂಷಣ. ದೇವಿ ಹೆಸರಲ್ಲಿ ಅಕ್ಕನಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದ ವರ್ಷವೇ ಕರೆಸಿಕೊಂಡವನು. ಬಸುರಾದಳೆಂದು ಗೊತ್ತಾದಾಗ, "ಊರ ಬಸುರಿಗೆ ನಾನೊಬ್ನೇ ಹೊಣೆ ಏನಲೇ ಸೂಳೆ?" ಎಂದು ಕೇರಿಯೆದುರು ಉಗಿದಿದ್ದ. ಶಾಲೆಯಲ್ಲಿ ಅಪ್ಪನ ಹೆಸರಿಲ್ಲವೆಂದು ಎದ್ದ ನಗೆಚಾಟಿಕೆ, ಮಾಲತೇಶ ಮಿಲಿಟ್ರಿ ಸೇರುವವರೆಗೂ ಅವನ ಬೆನ್ನು ಬಿಡಲಿಲ್ಲ.

ಈಗ ಅದೇ ಸಾವ್ಕಾರನ ಕಾರು ಬಂದು ನಿಂತಿತು. ಊರ ಮುಂದೆ ವೀರಯೋಧ ಮಾಲತೇಶನ ಪುತ್ಥಳಿ ನಿಲ್ಲಿಸುತ್ತಾನಂತೆ, ಜಿಲ್ಲಾ ಪಂಚಾಯ್ತಿಗೆ ತಾನೂ ನಿಲ್ಲುತ್ತಾನಂತೆ. ಗುಮಾಸ್ತ ಓಡಿ ಬಂದು ಬೆಂಚು ಒರೆಸಿದ. ಸಾವ್ಕಾರ ಕೂತು ಜುಬ್ಬದ ತೋಳು ಮಡಚಿದ.

"ಅಪ್ಪಂದು ಬೇಕಂದ್ರಲ್ಲ, ತಗಳ್ರಿ. ಅವ್ನು ನಮ್ಮ ರಕ್ತ. ಕಲ್ಲಿನ ಮ್ಯಾಲೆ ನಮ್ಮನೆ ಹೆಸ್ರು ಬರ್ಲಿ."

ಬದುಕಿದ್ದಾಗ ಒಂದು ಚಡ್ಡಿ ಹೊಲಿಸದ ಬೋಳಿಮಗ, ಎಲುಬಿಗೆ ಅಪ್ಪನಾಗಲು ಬಂದಿದ್ದ.

ಮಿಲಿಟ್ರಿ ಡಾಕ್ಟರು ಅಕ್ಕನ ಬಲಗೈ ಹಿಡಿದರು. ಬಟ್ಟಿಯ ಕಾದ ಮರಳಿಗೆ ಬೆಂದ ತೊಗಲು, ಚುಚ್ಚಿ ಚುಚ್ಚಿ ನೋಡಿದರೂ ನರ ಸಿಗಲಿಲ್ಲ. ಸಾವ್ಕಾರ ತನ್ನ ತೋಳು ಮುಂದೆ ಚಾಚಿದ. ಡಾಕ್ಟರು ತಲೆಯೆತ್ತದೆ, ಎಲುಬಿನಲ್ಲಿ ನೋಡುವುದು ತಾಯಿಯಿಂದಲೇ ಮಕ್ಕಳಿಗೆ ಇಳಿಯುವ ಗುರುತು, ತಾಯಿಯದೊಂದೇ ಸಾಕು ಎಂದರು.

"ಇನ್ನೊಂದ್ಸಲ ಅನ್ರಿ ಸಾಯೇಬ್ರ" ಎಂದಳು ಅಕ್ಕ. ಅವರು ಅಂದರು. ಅಕ್ಕ ಎಡಗೈ ಚಾಚಿದಳು.

"ಕೇಳಿದ್ಯೇನೋ ಸಾವ್ಕಾರ? ನನ್ನ ಮಗಂಗೆ ನಾನೊಬ್ಬಾಕಿ ಸಾಕಂತೆ. ನಿನ್ನ ತೋಳು ಮುಚ್ಕ."

ಶೀಶೆ ತುಂಬಿತು. ಒತ್ತಿಕೋ ಎಂದು ಕೊಟ್ಟ ಹತ್ತಿಯನ್ನು ಅಕ್ಕ ಎಸೆದಳು. ಮೊಳಕೈಯಿಂದ ರಕ್ತ ತೊಟ್ಟಿಕ್ಕತೊಡಗಿದಾಗ, ನಮ್ಮ ರಕ್ತ ಎಂದವನು ಪಂಚೆ ಎತ್ತಿಕೊಂಡು ಕಾಲು ಹಿಂದಕ್ಕೆಳೆದ. ಅಕ್ಕ ಅವನ ಮುಂದೆಯೇ ಹೋಗಿ ಕೈ ಒದರಿದಳು. ಬಿಳಿ ಪಂಚೆಯ ಮೇಲೆ ಹನಿ ಬಿದ್ದವು. ಅವನು ದಡಕ್ಕನೆ ಎದ್ದ.

ಖಾಲಿಯಾದ ಬೆಂಚಿನ ಮೇಲೆ ಅಕ್ಕ ಕೂತಳು, ನನಗೂ ಬಾ ಎಂದು ಜಾಗ ತಟ್ಟಿದಳು. ರಕ್ತದ ಶೀಶೆ ಹಿಡಿದ ಮಿಲಿಟ್ರಿಯವನು ಜೀಪು ಹತ್ತುವುದನ್ನೇ ನೋಡುತ್ತಿದ್ದಳು.