ಒಂದು ಯಂತ್ರಕ್ಕೆ ಎರಡು ಎದೆ

ಕೊರೋನಾ ಹಬ್ಬಿದ್ದ ಆ ಏಪ್ರಿಲ್‌ನ ಒಂದು ಮಂಗಳವಾರ ಬೆಳಿಗ್ಗೆ ಬ್ರೂಕ್ಲಿನ್ನಿನ ನಮ್ಮ ಆಸ್ಪತ್ರೆಯಲ್ಲಿ ಉಳಿದಿದ್ದು ಒಂದೇ ವೆಂಟಿಲೇಟರ್. ಅದು ಬೇಕಾದವರು ಇಬ್ಬರು: ಬಸ್ ಚಾಲಕ ಪ್ರಿಂಗಲ್ ಮತ್ತು ದರ್ಜಿ ಗಾಲಿನಾ. ಮೇಲಿನ ಮಹಡಿಯಲ್ಲಿ ದಾದಿಯರು ಅವರಿಬ್ಬರಿಗೂ ಕೈಯಲ್ಲೇ ಚೀಲ ಹಿಸುಕಿ ಉಸಿರು ಕೊಡುತ್ತಿದ್ದರು.

ಕೆಳಗೆ, ಅರಿವಳಿಕೆ ವೈದ್ಯ ಸೋಬೆಲ್ ಮತ್ತು ಉಸಿರಾಟದ ಯಂತ್ರಗಳನ್ನು ನೋಡಿಕೊಳ್ಳುವ ಡೆಲ್ಫೀನ್ ಒಂದೇ ಯಂತ್ರ ಇಬ್ಬರಿಗೂ ಸಾಕಾದೀತೇ ಎಂದು ನೋಡಲು ಅದಕ್ಕೆ ಪರೀಕ್ಷೆಯ ಎರಡು ರಬ್ಬರ್ ಶ್ವಾಸಕೋಶಗಳನ್ನು ಜೋಡಿಸಿದರು. ದಾದಿಯಾದ ನಾನು ಅಂಕಿಗಳನ್ನು ಬರೆದುಕೊಳ್ಳುತ್ತಿದ್ದೆ.

ಎರಡೂ ಸಮನಾಗಿ ಉಬ್ಬಿದವು. "ನೋಡು, ಅವಳಿ ಮಕ್ಕಳ ಥರ!" ಎಂದರು ಸೋಬೆಲ್.

"ಕಾಯಿಲೆ ಎಲ್ಲರಿಗೂ ಒಂದೇ ಅಳತೇಲಿ ಬರುತ್ತಾ ಡಾಕ್ಟ್ರೇ?" ಡೆಲ್ಫೀನ್ ಒಂದಕ್ಕೆ ಬಿಗಿಯಾಗಿ ಪಟ್ಟಿ ಸುತ್ತಿದಳು. ಅದು ಅರ್ಧಕ್ಕೇ ನಿಂತಿತು. ಆಮೇಲೆ ಇನ್ನೊಂದರ ಕೊಳವೆಗೆ ಗಾಳಿ ತಗ್ಗಿಸುವ ತಿರುಪು ಹಾಕಿ ಸರಿದೂಗಿಸಿದಳು. ಅಷ್ಟಕ್ಕೇ ಬಿಡಲಿಲ್ಲ, ಒಂದು ಕೊಳವೆಯನ್ನು ಪೂರ್ತಿ ಮಡಚಿ ಹಿಡಿದಳು. ಪಕ್ಕದ ರಬ್ಬರ್ ಚೀಲ ಗಾಳಿಯನ್ನೆಲ್ಲ ನುಂಗಿ ಪಟ್ಟನೆ ಒಡೆಯಿತು.

"ಏನ್ ಮಾಡ್ತಿದೀಯ? ಮೇಲೆ ದಾದಿಯರ ಕೈ ಸೋತುಹೋಗ್ತಿದೆ!" ಎಂದರು ಸೋಬೆಲ್.

"ಒಬ್ಬರಿಗೆ ಕಫ ಕಟ್ಟಿದ್ರೆ ಇನ್ನೊಬ್ಬರಿಗೆ ಇದೇ ಆಗೋದು. ರಬ್ಬರ್ ಒಡೆದ್ರೆ ಬೇರೆ ತರಬಹುದು."

ಸೋಬೆಲ್ ಗಾಳಿಯ ಅಳತೆಗೆ ಬದಲಾಗಿ ಒತ್ತಡವನ್ನು ಸ್ಥಿರವಾಗಿಡುವಂತೆ ಯಂತ್ರವನ್ನು ಹೊಂದಿಸಿದರು. ಹೊಸ ಚೀಲ ಹಾಕಿ ಮತ್ತೆ ಮಡಚಿದಾಗ ಪಕ್ಕದ್ದಕ್ಕೆ ಏನೂ ಆಗಲಿಲ್ಲ. ಆದರೆ ಮಡಚಿದ್ದು ಉಸಿರಿಲ್ಲದೆ ಬಿದ್ದಿದ್ದರೂ ಯಂತ್ರ ಎಚ್ಚರಿಕೆಯ ಸದ್ದು ಮಾಡಲಿಲ್ಲ. ನಾನು ಅದನ್ನೂ ಬರೆದುಕೊಂಡೆ.

"ಕಿವಿ ನಂಬೋ ಹಾಗಿಲ್ಲ," ಎಂದಳು ಡೆಲ್ಫೀನ್. "ನಾನು ಅವರ ಮಧ್ಯೆ ಕೂತು ಎದೆ ನೋಡ್ತೀನಿ."

ಮನೆಯವರಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿ ಒಪ್ಪಿಗೆ ಪಡೆದು, ಮಧ್ಯಾಹ್ನ ಇಬ್ಬರನ್ನೂ ಜೋಡಿಸಿದೆವು. ಮೂರನೆಯ ಗಂಟೆಯಲ್ಲಿ ಪ್ರಿಂಗಲ್‌ನ ಎದೆ ಏಳುವುದು ನಿಂತಿತು. ಯಂತ್ರ ಸುಮ್ಮನಿತ್ತು.

"ಕಫ!" ಡೆಲ್ಫೀನ್ ಅವನ ಕಡೆಯ ಕೊಳವೆಗಳನ್ನು ಗಾಳಿ ಸೋರದಂತೆ ಅದುಮಿ ಬಿಡಿಸಿದಳು. ಸೋಬೆಲ್ ಕಫ ಎಳೆದರು, ನಾನು ಚೀಲ ಹಿಸುಕಿದೆ. ಒಂದು, ಎರಡು... ಏಳನೆಯದಕ್ಕೆ ಎದೆ ಎದ್ದಿತು. ಪಕ್ಕದಲ್ಲಿ ಗಾಲಿನಾ ಒಂದೇ ಸಮನೆ ಉಸಿರಾಡುತ್ತಲೇ ಇದ್ದಳು.

ಸಂಜೆ ಬೇರೆ ಊರಿಂದ ಇನ್ನೊಂದು ಯಂತ್ರ ಬಂತು. ಇಬ್ಬರನ್ನೂ ಬೇರ್ಪಡಿಸಿದೆವು.

ಮೇ ತಿಂಗಳಲ್ಲಿ ಗಾಲಿನಾ ಮನೆಗೆ ಹೋದಳು. ಪ್ರಿಂಗಲ್ ಬೇರ್ಪಡಿಸಿದ ಒಂಬತ್ತನೆಯ ದಿನವೇ ತೀರಿಕೊಂಡಿದ್ದ. ಅವನ ಹೆಂಡತಿಗೆ ಡೆಲ್ಫೀನ್ ತಾನೇ ಫೋನ್ ಮಾಡಿದಳು.

"ಅವತ್ತು ಹಂಚಿಕೊಂಡಿದ್ದಕ್ಕೇ ಹೀಗಾಯ್ತಾ, ತಂಗಿ?"

"ಗೊತ್ತಿಲ್ಲಮ್ಮ," ಎಂದಳು ಡೆಲ್ಫೀನ್. "ಅವತ್ತು ಅವರ ಪಕ್ಕದಿಂದ ನಾನು ಎದ್ದಿರಲಿಲ್ಲ. ಅದೊಂದು ಮಾತ್ರ ನಿಜ."